ಬಾಜೂ ಮನೆಯಲ್ಲಿ ಓಡುವ ಮಗಳು

ಬಾಜೂ ಮನೆಯ ಚಾಚಿಯನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ? ಮೂಡಲಗಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವಳದು. ಬ್ಲೌಸ್ ಹೊಲಿಯುವ ಹೆಂಗಸು. ನನ್ನ ಮಗಳು ಊಟವನ್ನು ನನ್ನ ಕೈಯಿಂದ ಉಣ್ಣುತ್ತಿದ್ದಳು, ನಗುವುದನ್ನು ಮಾತ್ರ ಆ ಮನೆಗೆ ಹೋಗಿ ನಗುತ್ತಿದ್ದಳು.

ಮಗಳಿಗೆ ಹುಟ್ಟಿನಿಂದಲೇ ಹೃದಯದಲ್ಲಿ ತೂತು. ಅವಳಿಗೆ ಮೂರು ವರ್ಷವಾಗಿದ್ದಾಗ ಗೋಕಾಕದ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. 'ತೂತು' ಅನ್ನುವ ಮಾತು ಕೇಳಿದ್ದೇ ತಡ, ನಾನು ಅಳುತ್ತ ಹೊರಗೆ ಓಡಿದೆ. ಗಂಡ ನನ್ನ ಹಿಂದೆ ಬಂದ. ಜೊತೆಗೆ ಬಂದಿದ್ದ ಚಾಚಿಯೇ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಒಳಗೆ ಕುಳಿತಿದ್ದಳು. ಅವತ್ತೂ, ಆಮೇಲೂ ಮತ್ತೆ ಒಳಗೆ ಹೋಗುವ ಧೈರ್ಯ ನಮಗೆ ಬರಲಿಲ್ಲ.

ಅರಿವೆಯ ತೂತು ಎಳೆದಷ್ಟೂ ಹರಿಯುತ್ತದೆ. ಓಡಿದರೆ ಮಗಳದೂ ಹಿಗ್ಗುತ್ತದೆ ಎಂದು ನಾವಿಬ್ಬರೂ ತಿಳಿದೆವು. ಆರು ವರ್ಷ ತುಂಬಿದರೂ ಅವಳನ್ನು ಸಾಲೆಗೆ ಹೊತ್ತುಕೊಂಡೇ ಹೋಗುತ್ತಿದ್ದೆ. ಗಂಡನಂತೂ ಅವಳಿಗೆ ಚಪ್ಪಲಿಯನ್ನೇ ತರಲಿಲ್ಲ, ಚಪ್ಪಲಿ ಇದ್ದರೆ ತಾನೇ ಓಡುವುದು ಅಂತ. ಹುಕ್ಕೇರಿಯ ನಾದಿನಿ ಬಂದು, "ನನ್ನ ಮಗಾ ಒಂದ ಕಡೆ ಕೂಡಂಗಿಲ್ಲ ನೋಡ್ರಿ" ಎಂದು ಗೋಳಾಡಿದಾಗ, ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ.

ಒಂದು ಮಧ್ಯಾಹ್ನ ಚಾಚಿಯ ಹಿತ್ತಲಿನಿಂದ ಮಗಳ ಕೇಕೆ ಕೇಳಿತು. ಹೋಗಿ ನೋಡಿದರೆ, ಲಂಗ ಎತ್ತಿ ಕಟ್ಟಿಕೊಂಡು ಕುಂಟಾಬಿಲ್ಲೆ ಆಡುತ್ತಿದ್ದಾಳೆ! ಒಂಟಿ ಕಾಲಲ್ಲಿ! ಚಾಚಿ ಕಟ್ಟೆಯ ಮೇಲೆ ಕುಳಿತು ಬ್ಲೌಸಿಗೆ ಗುಂಡಿ ಹಚ್ಚುತ್ತ, "ಗೆರಿ ತುಳದಿ, ಔಟ್!" ಎನ್ನುತ್ತಿದ್ದಳು.

"ಹಡದಾಕಿ ನಾನು! ನನ್ನ ಮಗಳನ್ನ ಕೊಲ್ಲಾಕತ್ತಿಯೇನ?" ಎಂದು ಚೀರಿದೆ.

ಚಾಚಿ ಸೂಜಿ ಕೆಳಗಿಡಲಿಲ್ಲ. "ಚೀರಬ್ಯಾಡ ಬೇಟಿ. ಕೂಸು ಆಡಬಹುದೇನ್ರಿ ಅಂತ ಅವತ್ತ ನಾನ ಡಾಕ್ಟರ್‌ನ ಕೇಳೇನಿ. ಸಣ್ಣ ತೂತೈತಿ, ಆಡ್ಲಿ, ದಣದ್ರ ತಾನ ಕೂಡತಾಳ ಅಂದ್ರು. ನಿನಗ ಹತ್ತ ಸಲ ಹೇಳೇನಿ. ನೀ ಕೇಳಿದೇನ?"

ಹೇಳಿದ್ದು ಖರೆ. ಅವಳ ಬಾಯಿಂದ ಬಂತೆಂಬ ಕಾರಣಕ್ಕೇ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮರುದಿನವೇ ಗಂಡ, ಮಗಳು, ನಾನು ಗೋಕಾಕಕ್ಕೆ ಹೋದೆವು. ಡಾಕ್ಟರು ಮತ್ತೆ ತಪಾಸಣೆ ಮಾಡಿ ಚಾಚಿ ಹೇಳಿದ್ದನ್ನೇ ಹೇಳಿದರು. "ವರ್ಷಕ್ಕೊಮ್ಮೆ ತೋರಸ್ರಿ. ಹೊತ್ಗೊಂಡ ತಿರಗೂದ ಮಾತ್ರ ಬಿಡ್ರಿ" ಎಂದರು. ಗಂಡ ಅಲ್ಲೇ ಕಣ್ಣೀರು ಹಾಕಿದ. ನನಗೆ ಮೊದಲು ಬಂದದ್ದು ಸಮಾಧಾನವಲ್ಲ, ಹೊಟ್ಟೆಕಿಚ್ಚು. ತಾಯಿ ಕೇಳಬೇಕಾದ ಮಾತನ್ನು ಅವಳು ಕೇಳಿಬಿಟ್ಟಿದ್ದಳಲ್ಲ!

ಬಸ್ಸಿಳಿದ ಮೇಲೆ ಮಗಳ ಕೈ ಬಿಟ್ಟು, "ಹೋಗ, ಮನಿ ತನಕ ಓಡ" ಎಂದೆ. ಅವಳು ಕದಲಲಿಲ್ಲ.

"ಯಾಕವಾ, ದಣದಿಯೇನ?"

"ಇಲ್ಲ. ನಿನ್ನ ಮುಂದ ಓಡಿದ್ರ ನೀ ಅಳತಿ."

"ಅಳಂಗಿಲ್ಲ, ಓಡ" ಎಂದೆ. ಅವಳು ನನ್ನ ಮುಖ ನೋಡಿದಳು, ನಂಬಲಿಲ್ಲ. ನನ್ನ ಕೈ ಹಿಡಿದು ಓಣಿಯುದ್ದಕ್ಕೂ ನಿಧಾನವಾಗಿ ನಡೆದು ಬಂದಳು. ಮನೆಯ ಬಾಗಿಲು ಬಂದದ್ದೇ ಕೈ ಬಿಡಿಸಿಕೊಂಡು ಚಾಚಿಯ ಮನೆಗೆ ಓಡಿದಳು.