ಬೇಕರಿಯಕ್ಕನ ಬೆನ್ನು

ನಮ್ಮ ಬೀದಿಯ ಬೋರ್ಡಿನಣ್ಣ ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು. ಕಂಡದ್ದನ್ನು ಕಂಡ ಹಾಗೆ ಬರೆಯುವುದೇ ಅವನ ಹಟ. ಮಾದರಿಗೆ ಕೊಟ್ಟ ಚಪ್ಪಲಿಯ ಹೊಲಿಗೆ ಬಿಚ್ಚಿದ್ದರೆ ಬೋರ್ಡಿನ ಮೇಲೂ ಬಿಚ್ಚಿದ ಹೊಲಿಗೆಯೇ. ಅಂಗಡಿಯವರು ಬೈದು ಸುಸ್ತಾದರು. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ?

ಐವತ್ತೈದು ದಾಟಿದ ಮೇಲೆ ಅವನಿಗೆ ದೊಡ್ಡ ಚಿತ್ರದ ಹುಚ್ಚು ಹತ್ತಿತು. ಹೆಂಡತಿ ಎದುರಿನ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವಳು, ಬೀದಿಗೆಲ್ಲ ಬೇಕರಿಯಕ್ಕ. ಅವಳ ಬರಿಬೆನ್ನು ಬರೆಯುತ್ತೇನೆಂದು ಒಂದು ವರ್ಷ ಗೋಗರೆದ. ಕೊನೆಗೆ ಅವಳು ಕರಗಿದಳು.

"ಮುಖ ಕಾಣಬಾರದು. ನಾನೇ ಅಂತ ಒಬ್ಬರಿಗೆ ಗೊತ್ತಾದರೂ ನಿಮ್ಮ ಚಿತ್ರ ಒಲೆಗೇ, ನೋಡಿ ಮತ್ತೆ!"

ಚಿತ್ರವನ್ನು ವಾಚನಾಲಯದ ಹಾಲಿನಲ್ಲಿ ತೂಗುಹಾಕಿದರು. ಮಂಚದ ಅಂಚಿಗೆ ಕೂತ ಹೆಣ್ಣು, ಒಂದು ಕೈ ಬಿಚ್ಚಿದ ಮುಡಿಯ ಮೇಲೆ. ಕಿಟಕಿಯ ಬಿಸಿಲು ಬೆನ್ನಿನ ನಡುವೆ ಜೇನಿನಂತೆ ಇಳಿಯುತ್ತಿತ್ತು. ಮೊದಲು ನೋಡಿದವನು ಪಕ್ಕದಂಗಡಿಯ ಟೈಲರ್.

"ಅಯ್ಯೋ, ನಮ್ಮ ಬೇಕರಿಯಕ್ಕ!"

ಎತ್ತಿದ ಮೊಣಕೈ ಕೆಳಗೆ ಅರ್ಧಚಂದ್ರದಂಥ ಸುಟ್ಟ ಕಲೆ. ಓವನ್ನಿನ ತಟ್ಟೆ ತಾಗಿ ಆದದ್ದು. ದಿನಾ ಬ್ರೆಡ್ಡು ಕೊಡುವ ಆ ಕೈಯನ್ನು ಬೀದಿಯಲ್ಲಿ ಯಾರು ತಾನೇ ಅರಿಯರು!

ಸುದ್ದಿ ಕೇಳಿ ಬೇಕರಿಯಕ್ಕ ಹಿಟ್ಟಿನ ಕೈಯಲ್ಲೇ ಬಂದಳು.

"ರೀ, ಮುಖ ಮುಚ್ಚಿ ಅಂದರೆ ವಿಳಾಸವನ್ನೇ ಬರೆದಿದ್ದೀರಲ್ಲ!"

"ಇದ್ದದ್ದನ್ನ ಬಿಡೋಕೆ ನನ್ನ ಕೈ ಕೇಳಲ್ಲ ಕಣೇ. ಬೇಡ ಅಂದರೆ ಈಗಲೇ ಇಳಿಸ್ತೀನಿ." ಅವನ ಮುಖ ಉಬ್ಬದ ಬ್ರೆಡ್ಡಿನಂತಾಗಿತ್ತು.

"ನಾಳೆವರೆಗೆ ಇರಲಿ. ಆಮೇಲೆ ಹೇಳ್ತೀನಿ," ಎಂದು ಹೊರಟೇಬಿಟ್ಟಳು.

ಮರುದಿನ ಬೆಳಿಗ್ಗೆ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ ತಂದು ಚಿತ್ರದ ಕೆಳಗೆ ಸ್ಟೂಲಿನ ಮೇಲಿಟ್ಟಳು. ಬಟ್ಟೆ ತೆಗೆದರೆ ಬ್ರೆಡ್ಡಿನ ಗಂಡಸು! ಬೋಳುತಲೆ ಮಿರುಗಲೆಂದು ಮೊಟ್ಟೆ ಸವರಿದ್ದಳು. ಕಿವಿ ಮೇಲೆ ಕುಂಚ, ಗುಡ್ಡದಂಥ ಬೊಜ್ಜು, ಹೊಕ್ಕುಳಿಗೆ ಒಣದ್ರಾಕ್ಷಿ, ಮಾನಕ್ಕೊಂದು ಬಿಸ್ಕತ್ತು.

"ಅಣ್ಣಾ, ಹೊಕ್ಕುಳು ನಿಮ್ಮದೇ ತಾನೇ?" ಎಂದು ಟೈಲರ್ ಕೆಣಕಿದ. ನೆರೆದವರೆಲ್ಲ ನಕ್ಕರು.

ಬೋರ್ಡಿನಣ್ಣ ಸುತ್ತ ತಿರುಗಿ ನೋಡಿದ. "ಬೊಜ್ಜು ಜಾಸ್ತಿ ಆಯ್ತಲ್ಲೇ?"

"ಕಂಡದ್ದನ್ನು ಕಂಡ ಹಾಗೆ! ಕಲಿಸಿದವರು ನೀವೇ. ಈಗ ಸರಿಸಮ ಆಯ್ತು, ಚಿತ್ರ ಅಲ್ಲೇ ಇರಲಿ."

ಸಂಜೆಯೊಳಗೆ ಬ್ರೆಡ್ಡಿನ ಗಂಡಸು ಖಾಲಿ. ಬೊಜ್ಜಿನ ಪಾಲು ಬೋರ್ಡಿನಣ್ಣನಿಗೇ ಬಂತು. ಅವನು ಅದನ್ನು ಅಗಿಯುತ್ತಿರುವಾಗ ಬೇಕರಿಯಕ್ಕ ಚಿತ್ರದೆದುರು ತುಂಬಾ ಹೊತ್ತು ನಿಂತಿದ್ದಳು.

"ನನ್ನ ಬೆನ್ನು ನಾನೇ ನೋಡಿರಲಿಲ್ಲ ಕಣ್ರೀ," ಎಂದಳು. "ಪರವಾಗಿಲ್ಲ, ಚೆನ್ನಾಗೇ ಇದೆ."