ಭಂಡಾರ ಮುಟ್ಟಿದ ಕೈ

ಚುನಾವಣೆ ಬಂತೆಂದರೆ ಗೋವೆಯ ಝುವಾರಿನಗರದಲ್ಲಿರುವ ನಮ್ಮ ಕನ್ನಡಿಗರ ಓಣಿಗೆ ಭಂಡಾರ ಬರುತ್ತದೆ. ಎಲ್ಲಮ್ಮನ ಗುಡ್ಡದಿಂದ ತಂದ ಅರಿಶಿನದ ಪುಡಿ. ಅದರ ಮೇಲೆ ಕೈಯಿಟ್ಟು ಇಂಥವರಿಗೇ ವೋಟು ಎಂದು ಆಣೆ ಮಾಡಿದರೆ ಮುಗಿಯಿತು, ನಮ್ಮ ಹೆಂಗಸರು ಸತ್ತರೂ ಮಾತು ತಪ್ಪುವುದಿಲ್ಲ. ಗೋವೆಯ ಉಮೇದುವಾರನಿಗೆ ಈ ಗುಟ್ಟು ಹೇಗೆ ಗೊತ್ತಾಗಬೇಕು? ಹೇಳಿಕೊಟ್ಟವನು ನಮ್ಮವನೇ, ವಿಜಯಪುರದ ಕಡೆಯಿಂದ ಕೂಲಿಗೆ ಬಂದು ಇಲ್ಲಿ ಲೀಡರ್ ಆದವನು. ಅವನನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಹೋದ ಸಲ ಆಣೆ ಮಾಡಿಸಿಕೊಂಡು ಅವನು ಹೇಳಿದ್ದು ಒಂದೇ ಮಾತು: "ನಿಮ್ಮ ಮನಿ ಗ್ವಾಡಿಗೆ ಯಾರೂ ಕೈ ಹಚ್ಚೂದಿಲ್ರಿ." ಅವ್ವ ನಂಬಿದಳು. ನನಗೆ ಬೇರೆಯವರಿಗೆ ಹಾಕಬೇಕೆಂದಿತ್ತು.

"ಮನಿ ಮಂದಿ ಎಲ್ಲಾರ ಸಲುವಾಗಿ ಆಣಿ ಮಾಡೇನಿ. ನನ್ನ ಮಾತ ಸುಳ್ಳ ಮಾಡಬ್ಯಾಡ" ಎಂದು ಅವ್ವ ಕೈ ಹಿಡಿದಳು. ಅವಳು ಹೇಳಿದವರಿಗೇ ಹಾಕಿದೆ.

ಅವರು ಗೆದ್ದರು. ಮಳೆಗಾಲ ಮುಗಿಯುವುದೇ ತಡ, ಪೊಲೀಸರೊಂದಿಗೆ ಬುಲ್ಡೋಜರ್ ಬಂತು. ತೀರಿಹೋದ ಅಪ್ಪ ಬಂದರಿನಲ್ಲಿ ಮೂಟೆ ಹೊತ್ತು ಕಟ್ಟಿಸಿದ್ದ ಅಡುಗೆಮನೆ, ಒಲೆಯ ಮೇಲೆ ಕುದಿಯುತ್ತಿದ್ದ ಅನ್ನದ ಸಮೇತ ನೆಲಕ್ಕೆ ಬಿತ್ತು. ಲೀಡರ್ ಹತ್ತಿರ ಓಡಿದೆವು. "ಸರ್ಕಾರದ ಜಾಗಾ ಐತಿ, ನಾ ಏನ್ ಮಾಡ್ಲಿ?" ಎಂದ, ಚಹಾ ಹೀರುತ್ತ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ವೋಟು ಹಾಕುವತನಕ ನಾವು ಜನ, ಗೆದ್ದ ಮೇಲೆ ಅತಿಕ್ರಮಣ. ಅಂದಿನಿಂದ ಉಳಿದ ಒಂದೇ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ ಎಲ್ಲ ನಡೆದಿದೆ.

ಮೊನ್ನೆ ಮತ್ತೆ ಬಂದ. ತಟ್ಟೆ ತುಂಬ ಭಂಡಾರ, ಬಾಯಿ ತುಂಬ ಯವ್ವಾ, ಯಕ್ಕಾ. ಎಲಾ ಇವನ! ಯಾವ ಮುಖ ಹೊತ್ತು ಬಂದ ಎನ್ನುವಷ್ಟರಲ್ಲಿ ಅವ್ವ ಕೈ ಚಾಚಿಯೇಬಿಟ್ಟಳು.

"ಯವ್ವಾ, ನಿನಗ ಬುದ್ಧಿ ಐತೋ ಇಲ್ಲೋ?" ಎಂದು ಎಲ್ಲರೆದುರು ಚೀರಿದೆ.

ಅವಳು ನನ್ನತ್ತ ನೋಡಲೇ ಇಲ್ಲ. "ಈ ಸಲ ಮೊದಲ ನೀ ಮುಟ್ಟಪಾ" ಎಂದು ಅವನಿಗೆ ಹೇಳಿದಳು. "ಉಳಿದ ಈ ಒಂದ ಖೋಲಿ ಕೆಡವೂದಿಲ್ಲ ಅಂತ ಆಣಿ ಮಾಡು."

ಸುಳ್ಳು ಹೇಳುವವನ ಕೈ ಭಂಡಾರದ ಮೇಲೆ ನಡುಗುತ್ತದೆಂದು ಅವಳ ನಂಬಿಕೆ. ಅವನೋ, ಹಿಡಿ ತುಂಬ ತೆಗೆದು ಹಣೆಗೆ ಬಳಿದುಕೊಂಡ. "ಮಾಡೇನಿ ತಗೋರಿ, ಆತಿಲ್ಲೋ?" ಎನ್ನುತ್ತಲೇ ಇನ್ನೊಂದು ಕೈಯಲ್ಲಿ ಮೊಬೈಲ್ ನೋಡತೊಡಗಿದ.

ಅವ್ವ ಕೈ ಹಿಂದೆಗೆದಳು. ಪಕ್ಕದ ಮನೆಯವರು ಮಾತ್ರ ಒಬ್ಬರ ಹಿಂದೊಬ್ಬರು ಆಣೆ ಮಾಡುತ್ತಲೇ ಇದ್ದರು. ಅವರ ಮೇಲೂ ನನಗೆ ಕೆಟ್ಟ ಸಿಟ್ಟು ಬಂತು.

"ಮುಟ್ರಿ ಯವ್ವಾ, ಹೊತ್ತಾಗಾಕತ್ತೈತಿ" ಎಂದ ಲೀಡರ್.

"ಒಲ್ಲೆಪಾ" ಎಂದಳು ಅವ್ವ. "ನಿನಗ ದೇವರ ಅಂಜಿಕಿ ಇಲ್ಲ ಅನ್ನೂದು ಕಣ್ಣಾರೆ ಕಂಡೆ. ಇನ್ನ ಈ ಮುದುಕಿ ಯಾರಿಗೆ ವೋಟ ಹಾಕತಾಳಂತ ಅಂಜಕೋತ ಕೂಡ್ರು, ಹೋಗು."