ಕುಂಟುವ ನೀರು

ಇವತ್ತು ಬೆಳಿಗ್ಗೆ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಫ್ಯಾನು ಒರೆಸುತ್ತಿದ್ದೆ. ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಬಿಸಿ ಹಂಚಿನ ಮೇಲೆ ಒಣ ಹಿಟ್ಟು ಉದುರಿದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದೇ. ಆ ವಾಸನೆ ಬಂದರೆ ನಿಮಗೆ ಯಾರು ನೆನಪಾಗುತ್ತಾರೋ ಕಾಣೆ, ನನಗೆ ಮಾತ್ರ ಫಕೀರಪ್ಪ ಕಾಕಾ.

ಸವದತ್ತಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ವಿಡಿಯೋ ಮಿಕ್ಸಿಂಗ್ ಅಂಗಡಿ. ಮದುವೆ, ಬಸುರಿಯರ ಕುಬಸ, ಮಕ್ಕಳ ಜವಳದ ವಿಡಿಯೋಗಳೇ ನನ್ನ ಅನ್ನ. ವಧೂವರರ ಹೆಸರಿನ ಸುತ್ತ ಬಂಗಾರದ ಪುಡಿ ಹಾರಿಸುವುದರಲ್ಲಿ ನನ್ನ ಸಮ ಯಾರೂ ಇಲ್ಲ ಎಂಬ ಸೊಕ್ಕು ಬೇರೆ. ಒಂದೆರಡು ಗುಲಾಬಿ ಉದುರಿದರೆ ಸಾಕು ಅಂದವರಿಗೂ ಬುಟ್ಟಿ ಬುಟ್ಟಿ ಸುರಿದು ಕಳಿಸಿದವಳು ನಾನು.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕಾಕಾ ಅಂಗಡಿಗೆ ಬಂದರು. ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸದಿಂದ ನಿವೃತ್ತರಾದವರು. ಕುರ್ಚಿಯ ತುದಿಯಲ್ಲಿ ಕುಳಿತು, "ಅಕ್ಕಾರ, ನೀರ ಹರಿಯೂದನ್ನ ಚಿತ್ರದಾಗ ತೋರಸಾಕ ಬರತೈತೇನ್ರಿ? ಸಾಲಿ ಹುಡುಗ್ರಿಗೆ ತೋರಸಬೇಕಾಗೈತಿ" ಅಂದರು.

ಯಾಕೆ ಎಂದು ಕೇಳಿದೆ. ಹೇಳಿದರು, ಧ್ವನಿ ಏರಿಸದೆ. ಅವರ ಅಣ್ಣನ ಮಗಳು ಶಾಂತಾ ಕೊಡ ತೊಳೆಯಲು ಕಾಲುವೆಗಿಳಿದು ಜಾರಿದ್ದಳು. ಕಾಕಾ ಹಾರಿ ಅವಳನ್ನು ಹಿಡಿದರು. ಆದರೆ ಇಳಿಜಾರಿನ ಸಿಮೆಂಟಿಗೆ ಪಾಚಿ ಕಟ್ಟಿತ್ತು. ಎಷ್ಟು ಸಲ ಹತ್ತಿದರೂ ಜಾರಿದರು. ಯಾರೋ ಸೀರೆ ಎಸೆಯುವ ಹೊತ್ತಿಗೆ ಹುಡುಗಿ ಅವರ ಕೈ ತಪ್ಪಿ ನೀರುಪಾಲಾಗಿದ್ದಳು.

"ಮ್ಯಾಲಿಂದ ನೋಡಿದ್ರ ನೀರ ಸುಮ್ನ ಕುಂತಂಗ ಕಾಣತೈತ್ರಿ. ಎಷ್ಟ ಸಾಲಿಗೆ ಹೋಗಿ ಬಾಯಿಲೆ ಹೇಳಿದ್ರೂ ಹುಡುಗ್ರಿಗೆ ತಿಳಿಯೂದಿಲ್ಲ. ಇನ್ನ ಎಂಟ ದಿನಕ್ಕ ಕಾಲುವಿಗೆ ನೀರ ಬಿಡತಾರ. ಅದರೊಳಗ ಆಗಬೇಕು."

ಒಪ್ಪಿಕೊಂಡೆ. ಒಪ್ಪಿಕೊಂಡವಳು ಸುಮ್ಮನಿರಬೇಕಲ್ಲ! ಪಾಚಿಯ ಇಳಿಜಾರು, ಅದರಲ್ಲಿ ಜಾರುವ ಪುಟ್ಟ ಕಾಲು, ನೀರು, ಇವುಗಳ ಜೊತೆಗೆ ಗುಡ್ಡ, ಗುಡ್ಡದ ಮೇಲೆ ತೇಲುವ ಮೋಡ, ದಂಡೆಯಲ್ಲಿ ಒಂದೊಂದು ಎಸಳೂ ಅಲುಗುವ ಹುಲ್ಲು, ಆ ಹುಲ್ಲಿಗೆ ನೆರಳು, ಹಿಂಡು ಬೆಳ್ಳಕ್ಕಿ, ಎಲ್ಲ ಸೇರಿಸಿದೆ. ಮೂರನೆಯ ದಿನ ಕಾಕಾನಿಗೆ ತೋರಿಸಿದೆ. ಚಿತ್ರ ಒಂದು ಹೆಜ್ಜೆ ಇಟ್ಟು ನಿಂತಿತು, ಇನ್ನೊಂದು ಹೆಜ್ಜೆಗೆ ಮತ್ತೆ ನಿಂತಿತು. ಫ್ಯಾನು ಮಾತ್ರ ಕಾದ ಧೂಳಿನ ವಾಸನೆ ಹರಡುತ್ತ ಹುಚ್ಚೆದ್ದು ತಿರುಗುತ್ತಿತ್ತು.

"ನೀರ ಹಿಂಗ ಹರಿಯೂದಿಲ್ರಿ ಅಕ್ಕಾರ. ಇದು ಕುಂಟಾಕ ಹತ್ತೈತಿ."

"ಕಂಪ್ಯೂಟರ್ ಹಳೇದೈತ್ರಿ ಕಾಕಾ. ಹೊಸಾದು ಬೇಕು."

"ಎಂಟ ದಿನದಾಗ ಐದು ಉಳದಾವ. ಹೊಸಾದರ ಮಾತು ಬಿಡ್ರಿ. ಹುಡುಗ್ರು ಅಂಜಬೇಕಾದಲ್ಲಿ ನಕ್ಕಬಿಟ್ರ ನನ್ನ ಕೆಲಸ ಕೆಟ್ಟಂಗ."

ಸಿಟ್ಟು ಬಂತು. ಆ ಸಿಟ್ಟೇ ಒಳ್ಳೆಯದಾಯಿತು ಅನ್ನಿ. ಮರುದಿನ ಅಂಗಡಿಯ ಬಾಗಿಲಿಗೆ ಚಿಲಕ ಹಾಕಿ ಕುಳಿತೆ. ಮೊದಲು, ಮುಗಿದ ಮದುವೆಗಳ ತಾತ್ಕಾಲಿಕ ಫೈಲುಗಳನ್ನೆಲ್ಲ ಅಳಿಸಿದೆ. ಡಿಸ್ಕಿನ ಅರ್ಧ ಜಾಗ ಅವೇ ತಿಂದಿದ್ದವು. ಕಾಲುವೆಯ ದಂಡೆಯಲ್ಲಿ ಕ್ಯಾಮೆರಾದಿಂದ ಹಿಡಿದು ತಂದಿದ್ದ ಭಾರೀ ವಿಡಿಯೋಗಳಿಗೆ ಸಣ್ಣ ಹಗುರ ನಕಲು ಮಾಡಿ, ಕೆಲಸವನ್ನು ನಕಲಿನ ಮೇಲೆ ನಡೆಸಿದೆ. ಅಸಲು ಕೊನೆಗೆ ಬಂದರೆ ಸಾಕು. ನೋಡುವ ಚಿತ್ರದ ಗಾತ್ರವನ್ನು ಅರ್ಧಕ್ಕಿಳಿಸಿದೆ. ಅಲುಗದ ಗುಡ್ಡವನ್ನೂ ದಂಡೆಯನ್ನೂ ಒಮ್ಮೆ ರೆಂಡರ್ ಮಾಡಿ ಒಂದೇ ಚಿತ್ರವಾಗಿಸಿಟ್ಟೆ. ಇಷ್ಟು ದಿನ ಆ ಬಡ ಯಂತ್ರ ಪ್ರತಿ ಕ್ಷಣಕ್ಕೂ ಅದೇ ಗುಡ್ಡವನ್ನು ಹೊಸದಾಗಿ ಬರೆಯುತ್ತ ಕೂತಿತ್ತು.

ಆದರೂ ನೀರು ಪೂರ್ತಿ ಹರಿಯಲಿಲ್ಲ. ಸಂಜೆ ಕಾಕಾ ಬಂದು ಪಕ್ಕದಲ್ಲಿ ಕುಳಿತರು. ಒಂದೊಂದೇ ಪದರ ತೋರಿಸುತ್ತ ಹೋದೆ.

"ಈ ಬೆಳ್ಳಕ್ಕಿ ಯಾಕ್ರಿ?"

"ಚಂದ ಕಾಣತಾವ್ರಿ."

"ಹುಡುಗ್ರು ಹಕ್ಕಿ ನೋಡತಾರೋ, ನೀರ ನೋಡತಾರೋ?"

ಬೆಳ್ಳಕ್ಕಿ ಹೋದವು. ಮೋಡ ಹೋಯಿತು. ಗುಡ್ಡ ಹೋಯಿತು, ಒಂದಿಡೀ ದಿನ ಸುರಿದು ಮಾಡಿದ್ದ ಹುಲ್ಲೂ ಅದರ ನೆರಳೂ ಹೋದವು. ಕೊನೆಗೆ ಉಳಿದದ್ದು ಇಳಿಜಾರು, ಪಾಚಿ, ನೀರು ಮತ್ತು ಒಂದು ಪುಟ್ಟ ಕಾಲು. ಪ್ಲೇ ಒತ್ತಿದೆ. ನೀರು ಎಲ್ಲೂ ತಡೆಯದೆ ಸರ್ರನೆ ಹೋಯಿತು. ಕಾಲು ಜಾರಿತು. ಕಾಕಾ ಮುಖ ಆಚೆ ತಿರುಗಿಸಿದರು. "ಸಾಕ್ರಿ. ಇದ ಖರೇ" ಅಂದರು.

ನೀರು ಬಿಡುವ ಮುನ್ನಾದಿನ ಒಂದು ಹಳ್ಳಿ ಶಾಲೆಯಲ್ಲಿ ತೋರಿಸಿದೆವು. ಯಾರೂ ನಗಲಿಲ್ಲ. ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಅಜ್ಜಾ, ಜಾರಿ ಬಿದ್ದಮ್ಯಾಲ ಏನ ಹಿಡ್ಕೋಬೇಕು?" ಅಂದಳು.

ಕಾಕಾ ನನ್ನತ್ತ ನೋಡಿದರು. ನಾನು ತೆರೆಯತ್ತ ನೋಡಿದೆ. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ನಿಜವಾದ ಕಾಲುವೆಯಲ್ಲೂ ಇರಲಿಲ್ಲ.

"ಹಿಡಿಯಾಕ ಏನರೆ ಮಾಡಸ್ತೇನಿ ತಂಗಿ" ಅಂದರು ಕಾಕಾ. ಅಷ್ಟೇ.

ಆಮೇಲೆ ಅವರು ಆ ವಿಡಿಯೋವನ್ನು ಮೊಬೈಲಿನಲ್ಲಿಟ್ಟುಕೊಂಡು ಕಂಡ ಅಧಿಕಾರಿಗಳಿಗೆಲ್ಲ ತೋರಿಸುತ್ತ ತಿರುಗಿದರು. ಪಂಚಾಯ್ತಿಯವರಿಗೆ, ಊರ ಹಿರಿಯರಿಗೆ, ಒಮ್ಮೆ ಬಸ್ಸಿನಲ್ಲಿ ಪಕ್ಕ ಕುಳಿತ ಎಂಜಿನಿಯರಿಗೂ. ಎರಡು ಬೇಸಿಗೆ ಕಳೆದವು. ಮೂರನೆಯದರಲ್ಲಿ ಆ ಶಾಲೆಗೆ ಹತ್ತಿರದ ದಂಡೆಗೆ ಕಬ್ಬಿಣದ ಮೆಟ್ಟಿಲು ಬಂದವು, ಮೆಟ್ಟಿಲ ಪಕ್ಕಕ್ಕೆ ಸರಪಳಿಯೂ.

ಈಗ ಪ್ರತಿ ವರ್ಷ ಕಾಲುವೆ ಒಣಗಿದಾಗ ಕಾಕಾ ಮಕ್ಕಳನ್ನು ಕೆಳಗಿಳಿಸಿ, ಅವರ ಕಣ್ಣು ಮುಚ್ಚಿಸಿ, ಸರಪಳಿ ಹುಡುಕಿ ಹತ್ತುವುದನ್ನು ಕಲಿಸುತ್ತಾರೆ. ಮೊನ್ನೆ ಅದನ್ನು ಚಿತ್ರೀಕರಿಸಲು ಹೋಗಿದ್ದೆ. ಮಕ್ಕಳದೆಲ್ಲ ಮುಗಿದ ಮೇಲೆ ಕಾಕಾ ನನ್ನ ಕೈಯಿಂದ ಕ್ಯಾಮೆರಾ ಇಸಿದುಕೊಂಡರು.

"ಈಗ ನೀವು ಹತ್ರಿ."

"ಕಾಕಾ, ನನ್ನ ತೂಕ..."

"ನೀರ ತೂಕ ಕೇಳೂದಿಲ್ರಿ. ಹತ್ರಿ."

ಮಕ್ಕಳೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ಕೆಳಗಿಳಿದು ಕಣ್ಣು ಮುಚ್ಚಿದೆ. ಎರಡು ಸಲ ಜಾರಿದೆ. ಮೂರನೆಯ ಸಲ ಸರಪಳಿ ಸಿಕ್ಕಿತು. ಏದುಸಿರು ಬಿಡುತ್ತ ಮೇಲೆ ಬಂದು ದಂಡೆಯ ಮಣ್ಣಿನ ಮೇಲೆ ಬಿದ್ದುಕೊಂಡೆ.

ಇದನ್ನು ಬರೆಯುವಾಗಲೂ ಸರಪಳಿ ತರಚಿದ ಅಂಗೈ ಉರಿಯುತ್ತಿದೆ. ರಾಮದುರ್ಗದ ಶಿಕ್ಷಕಿಯೊಬ್ಬರು ಈಗಷ್ಟೇ ಫೋನು ಮಾಡಿ, ಮಲಪ್ರಭೆ ಉಕ್ಕಿದಾಗ ಮಕ್ಕಳು ಯಾವ ದಾರಿಯಿಂದ ಮನೆಗೆ ಹೋಗಬೇಕೆಂದು ತೋರಿಸುವ ಚಿತ್ರ ಬೇಕೆಂದರು. ಮಾಡುತ್ತೇನೆ ಅಂದೆ. ಮೊದಲು ಆ ದಾರಿಯನ್ನು ನಾನೇ ನಡೆದು ನೋಡುತ್ತೇನೆ ಎಂದೂ ಹೇಳಿದೆ.